ಬಿಳಿ ಪೆಟ್ಟಿಗೆಯನ್ನು ಗೆಲ್ಲಿಸಿದ ಲೇತು

ಇಸವಿ ತಪ್ಪು ಎಂದು ನಡುವೆ ಬಾಯಿ ಹಾಕುವವರು ಮೊದಲು ಸುಮ್ಮನೆ ಕೂತು ಕೇಳಬೇಕು. ರಾಮನಗರ ಬಸ್ ಸ್ಟ್ಯಾಂಡಿನ ಎದುರಿಗೆ, ಬೀಡಾ ಅಂಗಡಿಯ ಮಹಡಿ ಮೇಲೆ ವಿಡಿಯೋ ಗೇಮ್ ಅಂಗಡಿ ಶುರುವಾದದ್ದು ಎರಡು ಸಾವಿರದ ಐದರಲ್ಲೇ. ರಾಮನಗರ ಆಗ ಇನ್ನೂ ಜಿಲ್ಲೆ ಆಗಿರಲಿಲ್ಲ. ಮೊನ್ನೆ ತಿಂದ ಉಪ್ಪಿಟ್ಟಿನಲ್ಲಿ ಈರುಳ್ಳಿ ಇತ್ತೋ ಇಲ್ಲವೋ ಹೇಳಲಾರದ ಜನ, ವಯಸ್ಸಾದವರ ನೆನಪಿನ ಮೇಲೆ ತೀರ್ಪು ಕೊಡುವುದು ಬೇಡ. ಮರೆತುಹೋದ ಸಂಗತಿ ಇದಲ್ಲ. ಯಾರೂ ನೆನಪಿಟ್ಟುಕೊಳ್ಳಲು ಮನಸ್ಸೇ ಮಾಡದ ಸಂಗತಿ.

ಆ ವರ್ಷ ಹೊಡೆದಾಟದ ಒಂದು ಗೇಮ್ ಬಂತು. ಇಬ್ಬರು ಪೈಲ್ವಾನರು ಟಿವಿಯೊಳಗೆ ಎದುರುಬದುರು ನಿಂತು, ಒಬ್ಬ ಬೀಳುವ ತನಕ ಬಡಿದಾಡುವುದು. ಅದೇ ಗೇಮು, ಅದೇ ಪೈಲ್ವಾನರು, ಅವೇ ಏಟುಗಳು. ಆದರೆ ಟಿವಿಗೆ ಸಿಕ್ಕಿಸುವ ಎರಡು ಕಂಪನಿಗಳ ಗೇಮ್ ಪೆಟ್ಟಿಗೆಗಳಿಗೆ ಬೇರೆ ಬೇರೆ ಸಿಡಿ. ಒಂದು ಪೆಟ್ಟಿಗೆ ಕಪ್ಪು, ಇನ್ನೊಂದು ಬಿಳಿ. ಅಂಗಡಿಗೆ ಬರುವವರೆಲ್ಲ ಅವನ್ನು ಬಣ್ಣ ಹಿಡಿದೇ ಕರೆಯುತ್ತಿದ್ದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ ಕಡೆ ಕಪ್ಪು ಪೆಟ್ಟಿಗೆಯ ಸಿಡಿಯೇ ಓಡಿತು. ಬಿಡದಿ, ರಾಮನಗರ, ಚನ್ನಪಟ್ಟಣದ ಸಾಲಿನಲ್ಲಿ ಮಾತ್ರ ಹತ್ತು ಸಿಡಿ ಹೋದರೆ ಎಂಟು ಬಿಳಿ ಪೆಟ್ಟಿಗೆಯವು. ಯಾಕೆ ಹೀಗೆ ಎಂದು ತಿಳಿದು ಬರಲು ಬೆಂಗಳೂರಿನ ಸಗಟು ಕಂಪನಿಯೊಂದು ತನ್ನ ಸೇಲ್ಸ್ ಮನುಷ್ಯನನ್ನು ಕಳಿಸಿತು. ಆತ ಬಂದ, ಕಾರಣವನ್ನು ಕೈಯಲ್ಲೇ ಹಿಡಿದು ಅಲ್ಲಾಡಿಸಿ ನೋಡಿದ, ಮತ್ತೆ ವಾಪಸು ಇಟ್ಟು ಹೋದ. ಅವನಿಗೆ ತಿಳಿಯಲಿಲ್ಲ.

ಆ ಕಾರಣ ತಯಾರಾಗುವ ಜಾಗ ಚನ್ನಪಟ್ಟಣದ ಒಂದು ತಗಡಿನ ಶೆಡ್ಡು. ತಯಾರು ಮಾಡುವವರು ರಹೀಮಾ, ವಯಸ್ಸು ನಲವತ್ತಾರು.

ಬೆಳಿಗ್ಗೆ ಐದೂವರೆ. ಈ ವಾರ ತ್ರೀ ಫೇಸ್ ಕರೆಂಟ್ ಬರುವುದು ಐದೂವರೆಗೆ, ಹೋಗುವುದು ಒಂಬತ್ತಕ್ಕೆ. ರಹೀಮಾ ಐದು ಗಂಟೆಗೇ ಬಂದು ಶೆಡ್ಡಿನ ಬಾಗಿಲು ಪೂರಾ ತೆರೆದಿಟ್ಟು, ಮೋಟರಿನ ಪಕ್ಕ ಕೂತು ಕಾಯುತ್ತಾರೆ. ಬಲ್ಬು ಹತ್ತಿದ್ದೇ ತಡ ಸ್ವಿಚ್ಚು ಹಾಕುತ್ತಾರೆ. ಮಾಡಿನ ಕೆಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ಗಡಗಡ ತಿರುಗಲು ಶುರುವಾಗುತ್ತದೆ. ಅದರಿಂದ ಹನ್ನೆರಡು ಬೆಲ್ಟುಗಳು ಇಳಿಯಬೇಕು, ಹನ್ನೆರಡು ಲೇತುಗಳಿಗೆ. ಹನ್ನೊಂದು ಬೆಲ್ಟುಗಳನ್ನು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದೆ. ಲೇತುಗಳ ಮೇಲೆ ಗೋಣಿಚೀಲ ಹೊದಿಸಿದೆ. ಬಾಗಿಲ ಬಳಿಯ ಲೇತೊಂದೇ ತಿರುಗುತ್ತದೆ. ಅದು ರಹೀಮಾ ಅವರದು.

ನಿಂಬೆಹಣ್ಣಿಗಿಂತ ಒಂದಿಷ್ಟು ದಪ್ಪನೆಯ, ಕೆಂಪು ಅರಗಿನ ಬಣ್ಣದ ಒಂದು ಮರದ ಗುಂಡನ್ನು ಅವರು ಪಕ್ಕದ ಮೂಟೆಯಿಂದ ತೆಗೆದು ಲೇತಿಗೆ ಸಿಕ್ಕಿಸುತ್ತಾರೆ. ಉಳಿಯ ತುದಿಯಿಂದ ಅದರ ತೂತನ್ನು ಕೂದಲೆಳೆಯಷ್ಟು ಅಗಲಿಸುತ್ತಾರೆ. ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿರುಗುವ ಮರದ ಬಿಸಿಗೆ ಅರಗು ಕರಗಿ ಒಳಗೆಲ್ಲ ಹರಡಿಕೊಳ್ಳುತ್ತದೆ. ಆಮೇಲೆ ತಾಳೆಗರಿಯ ಚೂರಿನಿಂದ ಉಜ್ಜಿ ನುಣುಪು ಮಾಡುತ್ತಾರೆ. ಕೆಳಗಿಳಿಸಿ ಒಂದು ಉಕ್ಕಿನ ಕಂಬಿಗೆ ಸಿಕ್ಕಿಸಿ ಬೆರಳಲ್ಲಿ ತಟ್ಟುತ್ತಾರೆ. ಗುಂಡು ಸದ್ದಿಲ್ಲದೆ ಸುತ್ತುತ್ತದೆ. ಅದು ನಿಲ್ಲುವ ತನಕ ನೋಡಿ, ಬುಟ್ಟಿಗೆ ಹಾಕಿ, ಇನ್ನೊಂದಕ್ಕೆ ಕೈ ಹಾಕುತ್ತಾರೆ.

ದಿನಕ್ಕೆ ನಾಲ್ಕು. ಕೈ ಪಳಗಿದವರಿಗೆ ಇದು ಒಂದು ಗಂಟೆಯ ಕೆಲಸ. ನಾಲ್ಕೇ ಯಾಕೆ ಎಂದು ಕೇಳಿದರೆ ರಹೀಮಾ ಉಳಿ ಒರೆಸುತ್ತಾ ಹೇಳುತ್ತಾರೆ: "ಜಾಸ್ತಿ ಮಾಡಿದ್ರೆ ಬೇಗ ಮುಗ್ದೋಯ್ತದಲ್ಲ."

ಮುಗಿದರೆ ಏನಾಗುತ್ತದೆ ಎಂಬುದನ್ನು ಶೆಡ್ಡಿನ ಯಜಮಾನ ಚಿಕ್ಕಹನುಮಯ್ಯ ಆಗಲೇ ಹೇಳಿಬಿಟ್ಟಿದ್ದಾರೆ. ಅವರು ಕೆಟ್ಟವರಲ್ಲ, ಮಾತು ಮಾತ್ರ ಒರಟು. "ಒಂದಾಳಿಗೋಸ್ಕರ ಇಡೀ ಶಾಫ್ಟು ತಿರುಗಿಸೋದು ಅಂದ್ರೆ, ಒಬ್ಬನ ಹೊಲಕ್ಕೆ ಅಂತ ಕೆರೆ ತೂಬು ಎತ್ತಿದಂಗೆ ಕಣಮ್ಮ. ಆ ಮೂಟೆಲಿರೋದು ಮುಗಿಯೋಗಂಟ ತಿರುಗ್ಲಿ. ಅಷ್ಟರೊಳಗೆ ಪಕ್ಕದ ಲೇತಿಗೆ ಇನ್ನೊಂದಾಳು ಬಂದು ಕೂತ್ರೆ ಶೆಡ್ಡು ಉಳೀತದೆ. ಇಲ್ಲಾಂದ್ರೆ ಕನಕಪುರದ ಮರದಂಗಡಿಯೋನು ಎಲ್ಲಾ ಲೇತು ತಗೊಂಡೋಯ್ತೀನಿ ಅಂತವ್ನೆ." ಮೂಟೆಯಲ್ಲಿ ಈಗ ಉಳಿದಿರುವುದು ಎಂಬತ್ತೆಂಟು ಗುಂಡು. ಲೆಕ್ಕ ಯಾರಾದರೂ ಹಾಕಬಹುದು.

ಈ ಶೆಡ್ಡಿನಲ್ಲಿ ಒಂದು ಕಾಲಕ್ಕೆ ಹನ್ನೆರಡು ಜನ ಕೂರುತ್ತಿದ್ದರು. ರಹೀಮಾ ಅವರ ಅಪ್ಪ ಬಿಲ್ಲಿನಿಂದ ತಿರುಗಿಸುವ ಕೈಲೇತಿನ ಕಾಲದವರು. ಮಗಳು ಹನ್ನೊಂದನೇ ವಯಸ್ಸಿಗೆ ಗರಿ ಉಜ್ಜಲು ಕೂತವಳು, ಹದಿನಾರಕ್ಕೆ ಉಳಿ ಹಿಡಿದಳು. ಗಂಡ ಅಸದುಲ್ಲಾ ಇದೇ ಸಾಲಿನ ಐದನೇ ಲೇತಿನವರು. ಎದೆ ಕೆಟ್ಟು ತೀರಿಕೊಂಡು ಏಳು ವರ್ಷವಾಯಿತು. ಮಗಳನ್ನು ಮಾಗಡಿಗೆ ಕೊಟ್ಟಿದೆ. ಮನೆಯಲ್ಲಿ ಒಬ್ಬರೇ ಇರುವುದು ರಹೀಮಾ ಅವರಿಗೆ ದೊಡ್ಡ ಮಾತಲ್ಲ. "ಮನೇಲಿ ಒಬ್ಬರೇ ಇರೋರು ಬೇಕಾದಷ್ಟು ಜನ ಅವ್ರೆ. ಶೆಡ್ಡಲ್ಲಿ ಒಬ್ಬಳೇ ಇರೋದನ್ನ ಯಾರೂ ಕಲಿಸ್ಕೊಡ್ಲಿಲ್ಲ ನನಗೆ" ಎನ್ನುತ್ತಾರೆ.

ಹನ್ನೆರಡು ಲೇತು ಒಟ್ಟಿಗೆ ತಿರುಗುವಾಗ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಹಾಗೆಂದು ಯಾರೂ ಮಾತು ನಿಲ್ಲಿಸಿದವರಲ್ಲ. ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ಯಾರ ಸೊಸೆ ಬಸುರಿ, ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿ, ಎಲ್ಲವೂ ಬೀದಿಗೆ ಕೇಳುವಂತೆ. ಸಂಜೆ ಮನೆಗೆ ಹೋದ ಮೇಲೂ ಗಂಟಲು ಇಳಿಯುತ್ತಿರಲಿಲ್ಲ. ಆಮೇಲೆ ಹಡಗಿನಲ್ಲಿ ಪ್ಲಾಸ್ಟಿಕ್ ಗೊಂಬೆ ಬಂತು. ಬಿಡದಿಯಲ್ಲಿ ಫ್ಯಾಕ್ಟರಿಗಳು ಎದ್ದವು. ಇಬ್ಬರು ಫ್ಯಾಕ್ಟರಿ ಕ್ಯಾಂಟೀನಿಗೆ ಹೋದರು, ನಾಲ್ವರು ರೇಷ್ಮೆ ನೂಲು ಬಿಚ್ಚುವುದಕ್ಕೆ, ಒಬ್ಬಳು ಗಾರ್ಮೆಂಟ್ಸಿಗೆ. ಕಟ್ಟಕಡೆಗೆ ಹೋದವರು ಪಕ್ಕದ ಲೇತಿನ ದೊಡ್ಡಲಕ್ಷ್ಮಮ್ಮ. ಹೊಂಗನೂರಿನ ತಮ್ಮ ಮನೆಯಲ್ಲೇ ರೇಷ್ಮೆ ಹುಳ ಮೇಯಿಸಲು ನಿಂತರು. ಈಗ ಒಂದೇ ಲೇತಿನ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೂ ಕೇಳುತ್ತದೆ. ಕೇಳುವವರಿಲ್ಲ.

ಹೀಗೆ ಒಬ್ಬರೇ ಗಿಲಕಿ ಕಡೆಯುತ್ತಾ ಕೂತಿದ್ದಾಗಲೇ ರುದ್ರಪ್ರಸಾದ್ ಶೆಡ್ಡಿಗೆ ಬಂದದ್ದು. ಮಹಡಿ ಮೇಲಿನ ಗೇಮ್ ಅಂಗಡಿ ಇವರದೇ. ಅಂಗಡಿ ಬಾಗಿಲು ತೆರೆಯುತ್ತಿದ್ದದ್ದು ಬೆಳಿಗ್ಗೆ ಆರೂವರೆಗೆ. ಬಿಡದಿಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಬಸ್ಸಿಳಿದು ನೇರ ಮೆಟ್ಟಿಲು ಹತ್ತುತ್ತಿದ್ದರು, ಮನೆಗೆ ಹೋಗಿ ಮಲಗುವ ಮೊದಲು ಅರ್ಧ ಗಂಟೆ ಯಾರನ್ನಾದರೂ ಬಡಿದುಹಾಕಲು. ಹೊಡೆದಾಟದ ಗೇಮಿನಲ್ಲಿ ದೊಡ್ಡ ಏಟು ಬೀಳಬೇಕಾದರೆ ಆಡಲು ಕೈಯಲ್ಲಿ ಹಿಡಿಯುವ ರಿಮೋಟಿನ ಗುಂಡಿಯನ್ನು ಕೆಳಗೆ, ಓರೆಗೆ, ಮುಂದಕ್ಕೆ ಅರ್ಧ ಚಕ್ರದಂತೆ ಒಂದೇ ಉಸಿರಿನಲ್ಲಿ ಒತ್ತಬೇಕು. ರಾತ್ರಿಯಿಡೀ ಸ್ಪ್ಯಾನರ್ ಹಿಡಿಯುವ ಹೆಬ್ಬೆರಳುಗಳಿಗೆ ಅದು ಆಗುತ್ತಿರಲಿಲ್ಲ. ಬೊಬ್ಬೆ ಏಳುತ್ತಿತ್ತು, ಸಿಟ್ಟು ಬರುತ್ತಿತ್ತು, ರಿಮೋಟು ಗೋಡೆಗೆ ಹೋಗುತ್ತಿತ್ತು.

ರುದ್ರಪ್ರಸಾದ್ ರೇಡಿಯೋ ರಿಪೇರಿ ಕಲಿತವರು. ಒಡೆದ ರಿಮೋಟುಗಳನ್ನು ಬಿಚ್ಚಿ ನೋಡಿದರು. ಬಿಳಿ ಪೆಟ್ಟಿಗೆಯ ರಿಮೋಟಿನೊಳಗೆ ಗಟ್ಟಿಯಾದ ಹಸಿರು ಬೋರ್ಡು ಇತ್ತು. ಅದಕ್ಕೆ ವೈರು ಬೆಸುಗೆ ಹಾಕಿ ಹೊರಗೆಳೆದು, ಒಂದು ಮರದ ಡಬ್ಬದಲ್ಲಿ ನಿಲ್ಲಿಸಿದ ಉಕ್ಕಿನ ಕಂಬಿಗೆ ಕೊಡಬಹುದಿತ್ತು. ಕಂಬಿ ವಾಲಿದ ಕಡೆ ಪೈಲ್ವಾನ ಹೋಗುತ್ತಾನೆ. ಕಪ್ಪು ಪೆಟ್ಟಿಗೆಯ ರಿಮೋಟಿನೊಳಗೆ ಬೋರ್ಡಿನ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆ. ಬೆಸುಗೆಯ ಕಡ್ಡಿ ತಾಗಿಸಿದರೆ ಹಪ್ಪಳದಂತೆ ಸುರುಟಿಕೊಳ್ಳುತ್ತಿತ್ತು. ಐದು ಸುಟ್ಟರು, ಕೈಬಿಟ್ಟರು. ಹಾಗಾಗಿ ಕಂಬಿಯ ಈ ಹ್ಯಾಂಡಲ್ ಬಂದದ್ದು ಬಿಳಿ ಪೆಟ್ಟಿಗೆಗೆ ಮಾತ್ರ. ಅದಕ್ಕೊಂದು ಹಿಡಿ ಬೇಕಿತ್ತು.

"ಒಂದು ತಲೆ ಬೇಕು ರಹೀಮಕ್ಕ. ಈ ಕಂಬಿ ಮೇಲೆ ಕೂರೋ ಅಂಥದ್ದು. ಗೊಂಬೆ ತಲೆ ಇರ್ತದಲ್ಲ, ಅಷ್ಟು ದಪ್ಪ" ಎಂದರು ರುದ್ರಪ್ರಸಾದ್.

"ಯಾವ ಗೊಂಬೇದು? ಗಂಡಿಂದಾ, ಹೆಣ್ಣಿಂದಾ?"

"ಯಾವ್ದಾದ್ರೂ ಆಗ್ಲಿ."

"ಯಾವ್ದಾದ್ರೂ ಅಂದ್ರೆ ಎಂಗೆ? ಹೆಣ್ಣಿನ ತಲೆಗೆ ತುರುಬು ಬತ್ತದೆ."

"ತುರುಬು ಬೇಡ ಕಣಕ್ಕ. ಬೋಳು ತಲೆ ಮಾಡ್ಕೊಡಿ."

ಈ ಶೆಡ್ಡಿನಲ್ಲಿ ತಲೆ ಎಂದರೆ ತಿರುಗಬೇಕು. ಗೊಂಬೆಯ ತಲೆ ಕತ್ತಿನ ಮೇಲೆ ಬಿಗಿಯಾಗಿ ಕೂತರೆ ಹಳೆಯ ಮೇಸ್ತ್ರಿ ಅದನ್ನು ಎರಡನೇ ಮಾಲಿನ ಬುಟ್ಟಿಗೆ ಎಸೆದು, ಮಾಡಿದವರ ಮುಖ ಕೂಡ ನೋಡುತ್ತಿರಲಿಲ್ಲ. ಮೂವತ್ತು ವರ್ಷ ಹಾಗೇ ಮಾಡಿದ ಕೈ ಬೇರೆ ಏನು ಮಾಡೀತು? ರಹೀಮಾ ಗೊಂಬೆಗೆ ಬಳಸುವ ಹಾಲೆ ಮರದ ತುಂಡು ತೆಗೆದುಕೊಂಡು, ಬೋಳು ತಲೆ ಕಡೆದು, ಕೆಂಪು ಅರಗು ಹಚ್ಚಿ, ಕತ್ತಿನ ತೂತಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೊಟ್ಟರು. ರುದ್ರಪ್ರಸಾದ್ ಕಂಬಿಗೆ ಹಾಕಿ ನೋಡಿ ಮುಖ ಹುಳ್ಳಗೆ ಮಾಡಿದರು.

"ಏನಕ್ಕ ಇದು, ಸಡಿಲ ಇದೆ. ಬುಗುರಿ ತರ ಸುತ್ತುತ್ತೆ."

"ತಲೆ ಅಂದ್ಮೇಲೆ ಸುತ್ತಬೇಕಲ್ಲಪ್ಪ. ಗಟ್ಟಿ ಕೂರಿಸೋಕೆ ಅದೇನು ಬಾಗ್ಲು ಚಿಲಕವಾ?"

ಇನ್ನೊಂದು ಮಾಡಿಸುವಷ್ಟರಲ್ಲಿ ಕರೆಂಟು ಹೋಯಿತು. ಸಿಕ್ಕಿದ್ದನ್ನೇ ತೆಗೆದುಕೊಂಡು ಅವರು ರಾಮನಗರಕ್ಕೆ ಹೊರಟರು.

ಮರುದಿನ ಬೆಳಿಗ್ಗೆ ಅದರ ಮುಂದೆ ಮೊದಲು ಕೂತವನು ಸ್ವಾಮಿ. ಕೂಟಗಲ್ಲಿನವನು, ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟ್ ಕೆಲಸ, ಆ ಮಹಡಿಯಲ್ಲಿ ಅತಿ ಹೆಚ್ಚು ರಿಮೋಟು ಗೋಡೆಗೆ ಎಸೆದವನು. ಕೆಂಪು ಗುಂಡನ್ನು ಅಂಗೈಯಲ್ಲಿ ಹಿಡಿದು ಅರ್ಧ ಚಕ್ರ ಎಳೆದ. ಸಾಮಾನ್ಯವಾಗಿ ಬಿಗಿಯಾದ ಹಿಡಿ ಅಂಗೈಯನ್ನು ಉಜ್ಜುತ್ತದೆ, ಚರ್ಮ ಹಿಡಿದು ನಿಲ್ಲಿಸುತ್ತದೆ. ಇದು ಕೈಯ ಜೊತೆಗೇ ತಿರುಗಿಕೊಂಡಿತು. ಏಟು ಬಿತ್ತು. ಇನ್ನೊಂದು ಸಲ ಎಳೆದ, ಬಿತ್ತು. ಒಂಬತ್ತು ಗಂಟೆಯವರೆಗೆ ಅವನು ಏಳಲಿಲ್ಲ. ಕಾಯುತ್ತಿದ್ದವರು ಅವನ ಷರಟು ಹಿಡಿದು ಎಳೆದರು.

"ಇದನ್ನ ಮಾಡ್ದೋನ್ ಯಾರಣ್ಣ? ಅವನ ಕೈಗೊಂದು ಮುತ್ತು ಕೊಡ್ಬೇಕು" ಎಂದ.

"ಮಾಡ್ದೋನಲ್ಲ ಕಣೋ, ಮಾಡ್ದೋಳು. ಮುತ್ತು ಗಿತ್ತು ಅಂದ್ರೆ ಉಳಿ ಎತ್ಕೊಂಡು ಬರ್ತಾಳೆ" ಎಂದರು ರುದ್ರಪ್ರಸಾದ್.

ಅಲ್ಲಿಂದ ಮುಂದಿನದು ನೀರು ಇಳಿಜಾರಿಗೆ ಹರಿದಂತೆ. ಕೆಂಪು ತಲೆಯ ಹ್ಯಾಂಡಲ್ಲಿನಲ್ಲಿ ಆಟ ಕಲಿತವನಿಗೆ ಬೇರೆಯದರಲ್ಲಿ ಕೈ ಓಡದು. ಹ್ಯಾಂಡಲ್ ಕೂರುವುದು ಬಿಳಿ ಪೆಟ್ಟಿಗೆಗೆ ಮಾತ್ರ. ಬಿಡದಿಯಲ್ಲಿ ನಾಲ್ಕು ನಾಲ್ಕು ಜನ ಸೇರಿ ರೂಮು ಮಾಡಿದವರು ಬಿಳಿ ಪೆಟ್ಟಿಗೆಯನ್ನೇ ಕೊಂಡರು, ಅದರ ಸಿಡಿಯನ್ನೇ ಕೊಂಡರು. ರಹೀಮಾ ತಿಂಗಳಿಗೆ ಹನ್ನೆರಡೋ ಹದಿನೈದೋ ತಲೆ ಕಡೆದುಕೊಟ್ಟರು. ಒಂದು ಲೇತಿಗೇ ಅದು ಎರಡು ದಿನದ ಕೆಲಸ, ಎರಡನೇ ಲೇತಿಗೆ ಆಳು ಕರೆಯಲು ಸಾಲದು.

ಸ್ವಾಮಿ ಒಂದು ದಿನ ಶೆಡ್ಡಿಗೇ ಬಂದಿದ್ದ, ಒಂದು ಪೊಟ್ಟಣ ಕಡಲೆಪುರಿ ಹಿಡಿದುಕೊಂಡು. ಅಂಗೈ ಚಾಚಿ ತೋರಿಸಿದ. "ನೋಡಿ ಅಕ್ಕ. ಮೊದ್ಲು ಇಲ್ಲೆಲ್ಲಾ ಬೊಬ್ಬೆ. ಈಗ ಏನೈತೆ? ಏನೂ ಇಲ್ಲ. ನಿಮ್ ತಲೆ ತಿರುಗ್ತದಲ್ಲ, ಅದೇ ಗುಟ್ಟು." ರಹೀಮಾ ಆ ಗೇಮನ್ನು ಇವತ್ತಿನವರೆಗೂ ನೋಡಿಲ್ಲ. ಆದರೆ ಆ ಅಂಗೈ ನೋಡಿದರು. ತಾವು ಮಾಡಿದ ವಸ್ತು ಎಲ್ಲಿ ಹೋಗಿ ಏನು ಮಾಡುತ್ತಿದೆ ಎಂದು ಯಾರಾದರೂ ಬಂದು ಹೇಳಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಬೆಂಗಳೂರಿನ ಸೇಲ್ಸ್ ಮನುಷ್ಯ ಬಂದದ್ದು ಹೋದ ವರ್ಷ, ಎರಡು ಸಾವಿರದ ಏಳರ ದೀಪಾವಳಿ ಕಳೆದ ಮೇಲೆ. ಕುತ್ತಿಗೆಗೆ ಟೈ, ಕೈಯಲ್ಲಿ ಡೈರಿ. ಬಿಳಿಯದೇ ಯಾಕೆ ಎಂದು ಮಹಡಿಯಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿದ. ರುದ್ರಪ್ರಸಾದ್ ಹ್ಯಾಂಡಲ್ಲಿನ ವಿಷಯ ಎತ್ತಲಿಲ್ಲ. ಗುಟ್ಟು ತಿಳಿದರೆ ಈತ ತನ್ನನ್ನು ದಾಟಿಕೊಂಡು ಹೋಗುತ್ತಾನೆಂಬ ಭಯ. ಉಳಿದವರಿಗೆ ಟೈ ಕಂಡೇ ತಮಾಷೆ.

"ಬಿಳೀದು ಬಿಸಿ ಆಗಲ್ಲ ಸಾ."

"ಕಪ್ಪುದ್ರ ಮೇಲೆ ಧೂಳು ಕಾಣ್ತದೆ. ಬಿಳೀದ್ರ ಮೇಲೂ ಕಾಣ್ತದೆ, ಆದ್ರೆ ಒಸಿ ಲೇಟು."

"ನಮ್ಮೋರಿಗೆ ಕರೀದು ಅಂದ್ರೆ ಆಗಾಕಿಲ್ಲ ಸಾ, ಹಸ ಒಂದು ಬಿಟ್ಟು."

ಆತ ಎಲ್ಲವನ್ನೂ ಬರೆದುಕೊಂಡ. ಸ್ವಾಮಿಗೆ ತಡೆಯಲಾಗಲಿಲ್ಲ. "ಲೇ, ಸುಮ್ನಿರ್ರಲಾ, ಪಾಪ ಕೇಳ್ತಾವ್ರೆ" ಎಂದು ಎದ್ದು, ಹ್ಯಾಂಡಲ್ಲಿನ ಡಬ್ಬವನ್ನೇ ಎತ್ತಿ ಅವನ ಮಡಿಲಿಗೆ ಇಟ್ಟ. "ಇದಕ್ಕೆ ಸಾ. ಇದನ್ನ ಮಾಡೋ ಅಕ್ಕ ಚನ್ನಪಟ್ಟಣದಲ್ಲವ್ರೆ. ಹೋಗಿ ನೋಡಿ. ನಾನೂ ಬತ್ತಿದ್ದೆ, ಡ್ಯೂಟಿ ಐತೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಆತ ಶೆಡ್ಡಿನಲ್ಲಿದ್ದ. ಚಿಕ್ಕಹನುಮಯ್ಯ ಒಗೆದ ಪಂಚೆ ಉಟ್ಟು ಬಂದು ನಿಂತಿದ್ದರು. ಬೇರೆ ಊರುಗಳ ಅಂಗಡಿಗಳಿಗೂ ಇಂಥ ಹ್ಯಾಂಡಲ್ ಮಾಡಿಸಿ ಕಳಿಸಿ ನೋಡುತ್ತೇವೆ, ಮೊದಲಿಗೆ ಇನ್ನೂರು ತಲೆ, ಓಡಿದರೆ ತಿಂಗಳು ತಿಂಗಳೂ ಐನೂರು ಎಂದ. ತಿಂಗಳಿಗೆ ಐನೂರು ಎಂದರೆ ಎರಡಲ್ಲ, ಮೂರು ಲೇತಿನ ಕೆಲಸ. ರಹೀಮಾ ಅವರ ಕಣ್ಣು ಪಕ್ಕದ ಗೋಣಿಚೀಲದ ಕಡೆ ಹೋಯಿತು.

ಆತ ಒಂದು ಕೆಂಪು ತಲೆಯನ್ನು ಕಂಬಿಯ ಸಮೇತ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ.

"ಇದೇನ್ ಮೇಡಂ, ಲೂಸ್ ಇದೆ."

"ಅದು ತಿರುಗಬೇಕು ಸರ್."

"ತಿರುಗೋ ಮಾಲನ್ನ ಕಂಪನಿ ಡಿಫೆಕ್ಟ್ ಅಂತಾರೆ. ಬಿಗಿಯಾಗಿ ಕೂರಿಸಿ. ಗಮ್ ಹಾಕಿ ಬೇಕಾದ್ರೆ. ಬಿಗಿ ಇದ್ರೆ ಆರ್ಡರ್ ಬರೀತೀನಿ."

ಅಂಗೈ, ಬೊಬ್ಬೆ, ಸ್ವಾಮಿ, ಎಲ್ಲವೂ ರಹೀಮಾ ಅವರ ನಾಲಗೆಯ ತುದಿಗೆ ಬಂದಿತ್ತು. ಯಜಮಾನರು ಹಿಂದಿನಿಂದ ಕಣ್ಣು ಸನ್ನೆ ಮಾಡುತ್ತಿದ್ದರು. ಅದರ ನೆಪ ಹೇಳಿ ಜಾರಿಕೊಳ್ಳುವುದು ರಹೀಮಾ ಅವರಿಗೆ ಬೇಕಿಲ್ಲ. "ಯಜಮಾನ್ರು ಸನ್ನೆ ಮಾಡಿದ್ದಕ್ಕಲ್ಲ ನಾನು ಸುಮ್ನಾಗಿದ್ದು. ಹೇಳ್ಬಹುದಾಗಿತ್ತು. ಹೇಳಿದ್ರೆ ಎದ್ದು ಹೋಗ್ಬುಡ್ತಾನೆ ಅನ್ನಿಸ್ತು. ಪಕ್ಕದ ಲೇತಿಗೆ ಲಕ್ಷ್ಮಕ್ಕ ಬರೋದು ತಪ್ಪೋಯ್ತದೆ ಅನ್ನಿಸ್ತು. ಆಯ್ತು ಸರ್ ಅಂದ್ಬುಟ್ಟೆ."

ಅಂದೇ ಮಧ್ಯಾಹ್ನದ ಬಸ್ಸಿಗೆ ಹೊಂಗನೂರಿಗೆ ಹೋದರು. ದೊಡ್ಡಲಕ್ಷ್ಮಮ್ಮ ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ತಲೆ ಎತ್ತದೆಯೇ, "ಯಾವ ಗಾಳಿ ಬೀಸ್ತು ರಹೀಮ, ಈ ಕಡಿಗೆ?" ಎಂದರು. ವಿಷಯ ಕೇಳಿ ಬೆರಳೆಣಿಸಿದರು. "ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕ್ಬುಟ್ಟು ಬತ್ತೀನಿ. ಮುಂದಿನ ಚಾಕಿ, ಮರಿ ಹುಳ ಬರೋಗಂಟ ಇಪ್ಪತ್ತು ದಿನ ಐತೆ. ಆಮೇಲೆ ಕರದ್ರೂ ಬರಾಕಿಲ್ಲ ಕಣೆ, ಹುಳ ಮಕ್ಕಳಿದ್ದಂಗೆ, ಬಿಟ್ಟೋಗಕಾಗಲ್ಲ."

ಆ ಇಪ್ಪತ್ತು ದಿನ ಶೆಡ್ಡಿನಲ್ಲಿ ಎರಡು ಬೆಲ್ಟು ತಿರುಗಿದವು. ಮೊದಲ ದಿನವೇ ದೊಡ್ಡಲಕ್ಷ್ಮಮ್ಮ ಕೈ ನಿಲ್ಲಿಸಿ ಕೇಳಿದ್ದರು.

"ತಲೆ ತಿರುಗ್ತಾ ಇಲ್ವಲ್ಲೆ ರಹೀಮ."

"ಅವ್ರು ಹಂಗೇ ಕೇಳವ್ರೆ."

"ಹಂಗೇ ಕೇಳಿದ್ರೆ ಹಂಗೇ ಕೊಟ್ಬುಡದಾ? ಮೇಸ್ತ್ರಿ ಇದ್ದಿದ್ರೆ ನಮ್ಮಿಬ್ರನ್ನೂ ಬುಟ್ಟಿಗೆ ಎಸೀತಿದ್ದ."

"ಸುಮ್ನೆ ಉಳಿ ಹಿಡಿ ಲಕ್ಷ್ಮಕ್ಕ."

ಮತ್ತೆ ಆ ಮಾತು ಬರಲಿಲ್ಲ. ಬೇರೆ ಎಲ್ಲ ಮಾತೂ ಬಂತು. ಮೂರು ವರ್ಷದ ಬಾಕಿ ಸುದ್ದಿಯೆಲ್ಲ ಶಾಫ್ಟಿನ ಸದ್ದಿನ ಮೇಲೆ ಹೋಯಿತು, ಬಂತು. ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಕ್ಯಾಂಟೀನಿಗೆ ಹೋದ ಇಬ್ಬರಲ್ಲಿ ಯಾರು ದಪ್ಪಗಾದರು. ಇಬ್ಬರು ಮನಸ್ಸು ಮಾಡಿದ್ದರೆ ಇನ್ನೂರು ತಲೆ ಹನ್ನೆರಡು ದಿನದ ಕೆಲಸ. ಇಪ್ಪತ್ತು ದಿನ ಹಿಡಿಯಿತು. ಚಿಕ್ಕಹನುಮಯ್ಯ ಬಂದು ನೋಡಿ, "ಏನ್ರಮ್ಮ, ತಲೆ ಕಡೀತಾ ಇದ್ದೀರೋ, ಗುಡಿಗೆ ದೇವ್ರು ಕಡೀತಾ ಇದ್ದೀರೋ?" ಎಂದರು. ದೊಡ್ಡಲಕ್ಷ್ಮಮ್ಮ, "ಬಿಗಿ ಕೇಳವ್ರಲ್ಲ ಯಜಮಾನ್ರೆ, ಬಿಗಿ ಬರಕ್ಕೆ ಟೈಮ್ ಬೇಕು" ಎಂದು ಸಮಾಧಾನ ಹೇಳಿ ಕಳಿಸಿದರು. ಇಪ್ಪತ್ತನೇ ದಿನ ಸಂಜೆ ಕೈ ತೊಳೆದು, ತಾವೇ ಬೆಲ್ಟು ಬಿಚ್ಚಿ ಮೊಳೆಗೆ ಹಾಕಿ, ಹೊಂಗನೂರಿನ ಬಸ್ಸು ಹತ್ತಿದರು.

ತಲೆಗಳು ಹೋದವು. ಹ್ಯಾಂಡಲ್ಲಾದವು. ಮೈಸೂರಿಗೆ, ತುಮಕೂರಿಗೆ, ಹುಬ್ಬಳ್ಳಿಗೆ ಹೋದವು. ಆಡಿದವರು ಎರಡು ದಿನ ಹಿಡಿದು, ಅಂಗೈ ಕಿತ್ತುಬಂತೆಂದು ಪಕ್ಕಕ್ಕಿಟ್ಟರು. ಇನ್ನೂರರಲ್ಲಿ ಹದಿನೇಳು ಮಾರಾಟವಾಗಿ, ಉಳಿದ ನೂರ ಎಂಬತ್ತಮೂರು ತಲೆಗಳು ಒಂದು ಮೂಟೆಯಾಗಿ ಶೆಡ್ಡಿಗೆ ವಾಪಸು ಬಂದವು. ಸೇಲ್ಸ್ ಮನುಷ್ಯ ಫೋನಿನಲ್ಲಿ ರುದ್ರಪ್ರಸಾದರಿಗೆ ಹೇಳಿದನಂತೆ, ಕಾರಣ ಹ್ಯಾಂಡಲ್ ಅಲ್ಲ ಎಂದು ಸಾಬೀತಾಯಿತು, ರಾಮನಗರದ ಜನರ ರುಚಿಯೇ ಹಾಗೆ ಎಂದು ರಿಪೋರ್ಟು ಬರೆದಿದ್ದೇನೆ ಎಂದು. ಇತ್ತ ರಾಮನಗರದಲ್ಲಿ ಹತ್ತಕ್ಕೆ ಎಂಟು ಬಿಳಿ ಸಿಡಿ ಹೋಗುತ್ತಲೇ ಇವೆ. ಕಂಪನಿಗೆ ಇವತ್ತಿಗೂ ಯಾಕೆಂದು ಗೊತ್ತಿಲ್ಲ. ಗೊತ್ತಾಗುವ ಹಾಗೆ ಇದ್ದ ಒಂದೇ ಸಲ, ಗೊತ್ತಿದ್ದವರು ಬಾಯಿ ಬಿಡಲಿಲ್ಲ.

ರಹೀಮಾ ಅವರನ್ನು ಚುಚ್ಚುವುದು ಕಂಪನಿಯಲ್ಲ. ಮೂಟೆ ಬಂದ ವಾರ ಸ್ವಾಮಿ ಶೆಡ್ಡಿಗೆ ಬಂದ. ಹೊಸೂರಿನಲ್ಲಿ ಬೇರೆ ಫ್ಯಾಕ್ಟರಿ ಸಿಕ್ಕಿತ್ತು, ಹೇಳಿ ಹೋಗೋಣವೆಂದು ಬಂದಿದ್ದ. ಮೂಟೆಯೊಳಗೆ ಕೈ ಹಾಕಿ ಒಂದು ತಲೆ ತೆಗೆದ, ಕಂಬಿಗೆ ಸಿಕ್ಕಿಸಿ ಬೆರಳಿಂದ ತಟ್ಟಿದ. ಅದು ಅಲುಗಲಿಲ್ಲ.

"ಅಕ್ಕ, ಇದು ನಿಮ್ ಕೈಯಿಂದು ಅಲ್ಲ ತಾನೆ?"

"ನಂದೇ ಕಣಪ್ಪ."

ಅವನು ತಲೆಯನ್ನು ಮೂಟೆಗೆ ವಾಪಸು ಹಾಕಿದ. ಬತ್ತೀನಿ ಅಕ್ಕ ಎಂದು ಹೋದ. "ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ರಹೀಮಾ. "ಯಾಕ್ ಹಿಂಗ್ ಮಾಡ್ದೆ ಅಂತ ಕೇಳಿದ್ರೆ ಹೇಳ್ತಿದ್ದೆ. ಇಪ್ಪತ್ತು ದಿನ ಮಾತಾಡೋಕೆ ಒಬ್ರು ಸಿಕ್ತಿದ್ರು, ಅದಕ್ಕೆ ಮಾಡ್ದೆ ಅಂತ. ಕೇಳ್ಲೇ ಇಲ್ಲ ಅವ್ನು."

ಮರುದಿನದಿಂದ ಅವರು ಮೂಟೆ ಬಿಚ್ಚಿ ಕೂತಿದ್ದಾರೆ, ಕೆಟ್ಟ ಮಾಲನ್ನು ಸರಿಮಾಡಲು. ಯಾರೂ ಹೇಳಿದ್ದಲ್ಲ. ಸರಿಯಾದವನ್ನು ರುದ್ರಪ್ರಸಾದ್ ಬೇಕಾದಾಗ ಬಂದು ಒಯ್ಯುತ್ತಾರೆ. ದೊಡ್ಡಲಕ್ಷ್ಮಮ್ಮನವರನ್ನು ಮತ್ತೆ ಕರೆಯಬಹುದಲ್ಲ ಎಂದರೆ ರಹೀಮಾ ತಲೆ ಅಲ್ಲಾಡಿಸುತ್ತಾರೆ. "ಅವಳಿಗೆ ಹುಳ ಐತೆ, ಸೊಪ್ಪು ಐತೆ. ಒಂದು ಸಲ ಅವಳ ಕೈಲೂ ತಪ್ಪು ಮಾಲು ಮಾಡ್ಸಿದೀನಿ, ಸಾಕು. ಈಗ ಬರೋರು ಸರಿ ಮಾಲು ಮಾಡಾಕೇ ಬರ್ಬೇಕು." ಚನ್ನಪಟ್ಟಣದಲ್ಲಿ ಇಬ್ಬರು ಮೂವರನ್ನು ಕೇಳಿದ್ದಾರೆ. ಗೊಂಬೆ ಕೆಲಸಕ್ಕೆ ಈಗ ಯಾರು ಬರುತ್ತಾರೆ ಎಂದು ಅವರು ನಕ್ಕರಂತೆ.

ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಶಾಫ್ಟು ನಿಧಾನವಾಗಿ ಸುತ್ತಿ ನಿಲ್ಲುತ್ತದೆ. ರಹೀಮಾ ಸೀರೆಯ ಸೆರಗಿನಿಂದ ಮರದ ಪುಡಿ ಕೊಡವಿಕೊಂಡು, ಸದ್ದೇ ಇಲ್ಲದ ಶೆಡ್ಡಿನಲ್ಲಿ ಹಳೆಯ ಅಭ್ಯಾಸಕ್ಕೆ ಕಿರುಚಿಯೇ ಹೇಳುತ್ತಾರೆ: "ಕೆಲ್ಸ ಬರ್ದಿದ್ರೂ ಪರವಾಗಿಲ್ಲ. ಉಳಿ ಹಿಡಿಯಾಕೆ ಹದಿನೈದು ದಿನ, ಅರಗು ಹಿಡಿಯಾಕೆ ಒಂದು ತಿಂಗ್ಳು, ನಾನು ಕಲಿಸ್ತೀನಿ. ಹೆಂಗಸಾದ್ರೂ ಆಗ್ಲಿ, ಗಂಡಸಾದ್ರೂ ಆಗ್ಲಿ. ಮಾತು ಬರ್ಬೇಕು, ಅಷ್ಟೇ. ಮೂಗರಂಗೆ ಕೂರೋರು ಬೇಡ."

ಇಷ್ಟು ಕೇಳಿದ ಮೇಲೆ ಸುಮ್ಮನೆ ಎದ್ದು ಹೋಗಬೇಡಿ. ಹೊಂಗನೂರಿನ ಬಸ್ಸಿನಲ್ಲೋ, ಮಾಗಡಿಯ ಸಂತೆಯಲ್ಲೋ, ಕನಕಪುರ ರಸ್ತೆಯ ಟೀ ಅಂಗಡಿಯಲ್ಲೋ ಕೈ ಖಾಲಿ ಇರುವ, ಬಾಯಿ ಖಾಲಿ ಇರದ ಯಾರಾದರೂ ಸಿಕ್ಕರೆ ಇದನ್ನು ಅವರಿಗೆ ಹೇಳಿ. ಸಿಡಿ, ರಿಮೋಟು, ಕಂಪನಿ ಎಲ್ಲ ನಿಮಗೆ ತೋಚಿದಂತೆ ಹೇಳಿಕೊಳ್ಳಿ, ಬೇಕಾದರೆ ಬಿಟ್ಟೇಬಿಡಿ. ದಾರಿ ಮಾತ್ರ ಬಿಡಬೇಡಿ: ಚನ್ನಪಟ್ಟಣ ರೈಲ್ವೆ ಸ್ಟೇಷನ್ನಿನ ಹಿಂದೆ, ಸೌದೆ ಡಿಪೋ ದಾಟಿದ ಮೇಲೆ ಎಡಕ್ಕೆ, ಮೂರನೇ ತಗಡಿನ ಶೆಡ್ಡು. ಬೆಳಗಿನ ಜಾವ ಐದಕ್ಕೆ ಹೋದರೆ ಸಾಕು. ಬಾಗಿಲು ತಟ್ಟುವುದು ಬೇಕಿಲ್ಲ.